ಬಕ್ಕಪ್ಪನ ಅಂಗೈ

ಹುಮನಾಬಾದಿನ ಒಂದು ಔಷಧ ಕಾರ್ಖಾನೆಯಲ್ಲಿ ಗುಳಿಗೆ ಪ್ಯಾಕ್ ಮಾಡುವ ಯಂತ್ರ ಹಟ ಹಿಡಿದರೆ ಮೊದಲು ನೆನಪಾಗುತ್ತಿದ್ದವನು ಬಕ್ಕಪ್ಪ. ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಬರುವ ಈ ಎಲೆಕ್ಟ್ರಿಷಿಯನ್, ಓಡುತ್ತಿರುವ ಅಲ್ಯೂಮಿನಿಯಂ ಹಾಳೆಯ ಮೇಲೆ ಬಲ ಅಂಗೈ ಇಟ್ಟು, ಕಣ್ಣು ಮುಚ್ಚಿ, "ಬಿಗಿ ಅದ" ಎಂದೋ "ಸಡಿಲ ಅದ" ಎಂದೋ ಹೇಳುತ್ತಿದ್ದ. ಕಣ್ಣು ಮುಚ್ಚುವ ಅಗತ್ಯವೇನೂ ಇರಲಿಲ್ಲ. ನೋಡುವವರಿದ್ದಾಗ ಮಾತ್ರ ಮುಚ್ಚುತ್ತಿದ್ದ. ಆದರೆ ಹೇಳಿದ್ದು ತಪ್ಪುತ್ತಿರಲಿಲ್ಲ.

ಈ ವರ್ಷ ಯಂತ್ರಕ್ಕೆ ಹೊಸ ಕಂಟ್ರೋಲರ್ ಬಂತು, ಜೊತೆಗೆ ಎರಡು ಅನಲಾಗ್ ಮಾಡ್ಯೂಲ್. ಹಾಳೆಯ ಬಿಗಿತವನ್ನು ಸೆನ್ಸರ್ ವೋಲ್ಟೇಜಾಗಿ ಕಳಿಸುತ್ತದೆ. ಒಂದು ಮಾಡ್ಯೂಲ್ ಅದನ್ನು ಅಂಕಿ ಮಾಡಿ ಕಂಟ್ರೋಲರಿಗೆ ಮುಟ್ಟಿಸುತ್ತದೆ. ಕಂಟ್ರೋಲರ್ ಹೇಳಿದ್ದನ್ನು ಇನ್ನೊಂದು ಮಾಡ್ಯೂಲ್ ಮತ್ತೆ ವೋಲ್ಟೇಜಾಗಿಸಿ ಹಾಳೆಯ ಸುರುಳಿ ಹಿಡಿಯುವ ಬ್ರೇಕಿಗೆ ಕೊಡುತ್ತದೆ. ನಡುವೆ ಅಂಗೈಗೆ ಕೆಲಸವಿಲ್ಲ. ಬಕ್ಕಪ್ಪನಿಗೆ ಮೈ ಉರಿಯಿತು.

ಒಂದು ದಿನ ಕಂಟ್ರೋಲರಿನ ಪರದೆಯ ಮೇಲೆ ಬಿಗಿತದ ಅಂಕಿ ಸರಿಯಾಗಿಯೇ ಇತ್ತು. ಅವನು ಹಾಳೆ ಮುಟ್ಟಿ ನೋಡಿದ. "ಸಡಿಲ ಅದ. ಮಾಡ್ಯೂಲ್ ಸುಳ್ಳ ಹೇಳಾಕತ್ತದ."

ಮೇಲ್ವಿಚಾರಕ ಶೈಲೇಶ ಎರಡನೇ ಮಾತಾಡಲಿಲ್ಲ. "ನೀವು ಹೇಳಿದ ಮ್ಯಾಲ ಮುಗೀತು, ಕಾಕಾ. ನಿಮ್ಮ ಕೈಗೆ ಹ್ಯಾಂಗ ಬೇಕೋ ಹಂಗ ಮಾಡ್ರಿ."

ಬಕ್ಕಪ್ಪ ಸೆಟ್ಟಿಂಗಿನಲ್ಲಿ ತಿದ್ದುಪಡಿ ಹಾಕಿ ಮಾಡ್ಯೂಲ್ ಕಳಿಸುವ ಅಂಕಿಯನ್ನು ಇಳಿಸಿದ. ಹಾಳೆ ಸಡಿಲಾಯಿತೆಂದು ನಂಬಿದ ಕಂಟ್ರೋಲರ್ ಬ್ರೇಕನ್ನು ಇನ್ನಷ್ಟು ಬಿಗಿಸಿತು. ಹಾಳೆ ಪಟ್ಟನೆ ಹರಿಯಿತು. ಜೋಡಿಸಿ ಓಡಿಸಿದರೆ ಮತ್ತೆ ಹರಿಯಿತು. ಮಾಡ್ಯೂಲೇ ಕೆಟ್ಟದ್ದು, ನಾಳೆ ಬಿಚ್ಚಿ ವಾಪಸ್ ಕಳಿಸೋಣ ಎಂದು ತೀರ್ಮಾನವಾಯಿತು. ಬಕ್ಕಪ್ಪ ಗೆದ್ದವನ ಗತ್ತಿನಲ್ಲಿ ಬಸ್ಸು ಹತ್ತಿದ.

ಮನೆಯಲ್ಲಿ ಹೆಂಡತಿ ತುಳಜಾಬಾಯಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಉಬ್ಬಿದ ರೊಟ್ಟಿಯನ್ನು ಹಂಚಿನಿಂದ ನೇರ ಗಂಡನ ಕೈಗೆ ಹಾಕುವುದು ಮದುವೆಯಾದಾಗಿನಿಂದ ನಡೆದುಬಂದ ತಮಾಷೆ. ಅವನು ಹಾ ಹೂ ಎನ್ನುತ್ತ ಆ ಕೈಯಿಂದ ಈ ಕೈಗೆ ಹಾರಿಸುತ್ತಿದ್ದ, ಅವಳು ನಗುತ್ತಿದ್ದಳು. ಇವತ್ತೂ ಹಾಕಿದಳು. ಅವನು ರೊಟ್ಟಿಯನ್ನು ಬಲ ಅಂಗೈ ಮೇಲೆ ಇಟ್ಟುಕೊಂಡು ಮಾಡ್ಯೂಲನ್ನು ಬೈಯುತ್ತಲೇ ಇದ್ದ.

ಅವಳು ನಗಲಿಲ್ಲ. "ಕೈ ಸುಡವಲ್ದೇನ್ರಿ?"

ಅವನು ನೋಡಿಕೊಂಡ. ಅಂಗೈ ಕೆಂಪಾಗಿತ್ತು. ರೊಟ್ಟಿಯನ್ನು ಎಡಗೈಗೆ ದಾಟಿಸಿದ, ಚುರ್ ಎಂದಿತು. ಮತ್ತೆ ಬಲಗೈಗೆ ತಂದ. ಏನೂ ಇಲ್ಲ.

"ನಾಳಿಗಿ ದವಾಖಾನಿಗಿ ಹೋಗಾಣ್ರಿ," ಎಂದಳು ಅವಳು.

ಬಕ್ಕಪ್ಪನಿಗೆ ಹೆದರಿಕೆಯಾಯಿತು. ಕೈಗಿಂತ ಹೆಚ್ಚಾಗಿ ಹೆಸರಿನ ಬಗ್ಗೆ. ಸುಮ್ಮನಿದ್ದರೆ ಮಾಡ್ಯೂಲ್ ಹೋಗುತ್ತದೆ, ಹೆಸರು ಉಳಿಯುತ್ತದೆ. ಅವನ ಮಾತನ್ನು ಅಲ್ಲಿ ಯಾರೂ ಅನುಮಾನಿಸುವವರಿಲ್ಲ.

"ಮೊದಲ ಕಾರ್ಖಾನಿಗಿ ಹೋಗಿ ಬರ್ತೀನಿ," ಎಂದ.

ಬೆಳಿಗ್ಗೆ ಶೈಲೇಶ ಮಾಡ್ಯೂಲ್ ಬಿಚ್ಚಲು ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದ. ಬಕ್ಕಪ್ಪ ಅವನನ್ನು ಸರಿಸಿ, ತಾನೇ ಹಾಕಿದ್ದ ತಿದ್ದುಪಡಿಯನ್ನು ತೆಗೆದು ಯಂತ್ರ ಓಡಿಸಿದ. ಹಾಳೆ ಹರಿಯಲಿಲ್ಲ.

"ಮಾಡ್ಯೂಲ್ ಖರೇನೇ ಹೇಳಿತ್ತು. ನನ್ನ ಕೈಗೇ ಏನೂ ತಿಳೀವಲ್ದು."

ಶೈಲೇಶ ಸ್ಕ್ರೂಡ್ರೈವರನ್ನು ಕಿಸೆಗೆ ಹಾಕಿದ. ರೂಢಿಯ ಮಾತೇ ಬಾಯಿಗೆ ಬಂತು. "ಆದ್ರೂ ಒಮ್ಮೆ ಕೈ ಇಟ್ಟು ನೋಡ್ರಿ, ಕಾಕಾ."

ಬಕ್ಕಪ್ಪ ಶೈಲೇಶನ ಕೈ ಹಿಡಿದು ಹಾಳೆಯ ಮೇಲೆ ಇರಿಸಿದ.

"ನೀ ಹೇಳು. ಹ್ಯಾಂಗ ಅದ?"