ಹರಕೆಯ ಗಂಟೆಯ ಮೇಲೆ ಹಡಗಿನ ಹೆಸರು

ಅರಸೀಕೆರೆಯ ಹಳೆಯ ಹಿತ್ತಾಳೆ ಅಂಗಡಿಯಲ್ಲಿ ಒಂದು ಗಂಟೆಯನ್ನು ತಿರುಗಿಸಿ ನೋಡಿದ ನನ್ನ ತಮ್ಮನ ಹೆಂಡತಿ ಸುಮತಿ ಹಾಗೆಯೇ ನೆಲಕ್ಕೆ ಕುಸಿದಳು. “ಭಾವ, ಇದರ ಮೇಲಿರೋದು ಅವರ ಹಡಗಿನ ಹೆಸರು.”

ತಮ್ಮನು ಸೈನಿಕರನ್ನೂ ಟ್ಯಾಂಕುಗಳನ್ನೂ ನೇರವಾಗಿ ದಡಕ್ಕಿಳಿಸುವ ಯುದ್ಧನೌಕೆಯಲ್ಲಿದ್ದನು. ಬಹಳ ದಿನಗಳಿಂದ ಅವನ ಕಾಗದವಿರಲಿಲ್ಲ. ಅವನು ಕ್ಷೇಮವಾಗಿ ಮರಳಿದರೆ ಮಾಲೇಕಲ್ಲು ಬೆಟ್ಟದ ವೆಂಕಟರಮಣನಿಗೆ ಗಂಟೆ ಕಟ್ಟಿಸುವುದಾಗಿ ಸುಮತಿ ಹರಕೆ ಹೊತ್ತಿದ್ದಳು. ಆ ಗಂಟೆಯನ್ನು ಆರಿಸಲೆಂದೇ ನಾವು ಅಂಗಡಿಗೆ ಹೋಗಿದ್ದೆವು.

“ಹಡಗು ಮುಳುಗಿ ಹೋಯ್ತಾ?” ಎಂದೆನು ನಾನು. ಅಂಗಡಿಯ ಯಜಮಾನರು ಅವಳಿಗೆ ನೀರು ಕೊಟ್ಟು, “ಮುಳುಗಿದ ಹಡಗಿನ ಗಂಟೆ ಅರಸೀಕೆರೆಗೆ ಹೆಂಗೆ ಬತ್ತದೆ ತಾಯಿ? ಹಡಗಿಗೆ ವಯಸ್ಸಾಯ್ತು ಅಂತ ಬಿಚ್ಚವ್ರೆ. ಇಂಜಿನ್ ಸಾಮಾನು ಬೇರೆ ಹಡಗಿಗೆ, ಮಿಕ್ಕಿದ್ದು ಹರಾಜಿಗೆ” ಎಂದರು.

“ಹಾಗಾದ್ರೆ ಅವರೆಲ್ಲಿ?” ಎಂದಳು ಸುಮತಿ. ಅವಳು ಅದೇ ಗಂಟೆಯನ್ನು ಕೊಂಡಳು. ಮನೆಯಲ್ಲಿ ಅದರ ಸದ್ದು ಕೇಳಲಾರದೆ ಗಂಟೆಯ ನಾಲಗೆಗೆ ಬಟ್ಟೆ ಸುತ್ತಿಟ್ಟಳು.

ಬೇರೆ ಹಡಗಿಗೆ ವರ್ಗವಾಗಿದ್ದ ತಮ್ಮನು ಕಡೆಗೂ ರಜೆಯಲ್ಲಿ ಬಂದನು. ಬೆಟ್ಟದ ಮೇಲಿನ ಗುಡಿಯಲ್ಲಿ ಹರಕೆಯಂತೆ ಅದನ್ನು ಕಟ್ಟಿಸಿದ ಮೇಲೆ ತಾನೇ ಆ ಬಟ್ಟೆಯನ್ನು ಬಿಚ್ಚಿ, ಹಡಗಿನಲ್ಲಿ ಹೊತ್ತು ತಿಳಿಸುತ್ತಿದ್ದ ರೀತಿಯಲ್ಲಿಯೇ ಗಂಟೆಯನ್ನು ಬಾರಿಸಿದನು. ಈಗಲೂ ಅದರ ನಾದ ಕೇಳಿದಾಗ, ಅದು ಮೂಕವಾಗಿದ್ದ ದಿನಗಳೇ ನನಗೆ ಮೊದಲು ನೆನಪಾಗುತ್ತವೆ.