ಬಸ್ಸಿನ ರತ್ನಕ್ಕ ಆಫೀಸ್ ಆರಿಸಿದ ಬಗೆ

ಕುವೈಟಿನ ಖೈತಾನಿನಲ್ಲಿ ಲ್ಯಾಪ್‌ಟಾಪ್ ಮಾರುವ ನಮಗೆಲ್ಲ ಒಂದು ಪದ್ಧತಿ ಉಂಟು. ಬೆಲೆ ಹೇಳುತ್ತೇವೆ, ಗಿರಾಕಿಯ ಮುಖ ಹುಳ್ಳಗಾಗುತ್ತದೆ. ಆಗ ‘ಫುಲ್ ಸಾಫ್ಟ್‌ವೇರ್ ಹಾಕಿ ಕೊಡ್ತೇವೆ’ ಎನ್ನುತ್ತೇವೆ, ಮುಖ ಸರಿಯಾಗುತ್ತದೆ. ಏನು ಹಾಕುತ್ತೇವೆ, ಎಲ್ಲಿಂದ ತಂದು ಹಾಕುತ್ತೇವೆ ಎಂದು ಯಾರೂ ಕೇಳುವುದಿಲ್ಲ. ಬಿರಿಯಾನಿಯ ಜೊತೆಗೆ ಬರುವ ಈರುಳ್ಳಿ ಯಾವ ಊರಿನದೆಂದು ಕೇಳಿ ತಿನ್ನುವವರುಂಟೇ? ಇಪ್ಪತ್ತೆರಡು ವರ್ಷಗಳ ನನ್ನ ವ್ಯಾಪಾರದಲ್ಲಿ ಹಾಗೆ ಕೇಳಿದವರು ಒಬ್ಬರೇ, ಶಾಲೆ ಬಸ್ಸಿನ ರತ್ನಕ್ಕ.

ರತ್ನಾವತಿ ಎಂಬುದು ಇಕಾಮಾದಲ್ಲಿ, ಅಂದರೆ ಆಗಾಗ ನವೀಕರಿಸಬೇಕಾದ ಇಲ್ಲಿನ ವಾಸದ ಪರವಾನಗಿಯಲ್ಲಿ, ಇರುವ ಹೆಸರು. ಕಾರ್ಕಳದ ಕಡೆಯವರು, ವಯಸ್ಸು ನಲವತ್ತೇಳು. ಗಂಡ ರೋಹಿದಾಸ ಮಂಗಫ್‌ನಿಂದ ರಿಫೈನರಿಗೆ ಕೆಲಸಗಾರರ ಬಸ್ಸು ಓಡಿಸುತ್ತಾರೆ. ರತ್ನಕ್ಕ ಇಲ್ಲಿನ ಒಂದು ಭಾರತೀಯ ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ. ಐವತ್ತು ಮಕ್ಕಳ ಗದ್ದಲ ಅಡಗಿಸಲು ಬೇರೆ ಆಯಾಗಳು ಸೀಟಿ ಊದಿದರೆ ಇವರು ಒಗಟು ಕೇಳುತ್ತಾರೆ. ಉತ್ತರ ಗೊತ್ತಿಲ್ಲದವರು ಊರಿನ ಅಜ್ಜಿಗೆ ಫೋನ್ ಮಾಡಿ ಕೇಳಿಕೊಂಡು, ಮರುದಿನ ಉತ್ತರದ ಜೊತೆಗೆ ತಮ್ಮ ಮನೆಯದೂ ಒಂದು ಒಗಟು ತರಬೇಕು. ಹೀಗೆ ಒಂಬತ್ತು ವರ್ಷಗಳಲ್ಲಿ ತುಳು, ಬ್ಯಾರಿ, ಕೊಂಕಣಿ, ಕನ್ನಡ ಎಲ್ಲ ಸೇರಿ ಮುನ್ನೂರಕ್ಕೂ ಹೆಚ್ಚು ಒಗಟುಗಳು ಅವರ ನೋಟ್‌ಬುಕ್ಕಿಗೆ ಇಳಿದಿದ್ದವು. ಈ ಒಗಟಿನ ಸಂಗತಿ ನನಗೆ ಗೊತ್ತಾದದ್ದು ಆಮೇಲೆ.

ಸೆಪ್ಟೆಂಬರ್ ಕೊನೆಯ ವಾರ ಬೆಳಿಗ್ಗೆ ಒಂಬತ್ತೂವರೆಗೆ, ಶಾಲೆಯ ನೀಲಿ ಕೋಟಿನಲ್ಲೇ ಅಂಗಡಿಗೆ ಬಂದರು.

“ಸ್ಟೂಡೆಂಟಿಗೆ ಒಂದು ಲ್ಯಾಪ್‌ಟಾಪ್ ಬೇಕಿತ್ತು ಕಾಸಿಮಾಕ.” ಕಾಸಿಂ ಎಂಬ ನನ್ನನ್ನು ಎಲ್ಲರೂ ಕರೆಯುವುದು ಹಾಗೆಯೇ.

ಕೀಲಿಗಳ ಕೆಳಗೆ ಕೆಂಪು ದೀಪ ಉರಿಯುವ ಒಂದನ್ನು ತೆಗೆದಿಟ್ಟೆ. “ಮಗಳಿಗಲ್ವಾ? ಇದ್ರಲ್ಲಿ ಪಾಠವೂ ಆಗ್ತದೆ, ಗೇಮೂ ಆಗ್ತದೆ.”

“ನವ್ಯಶ್ರೀಯದ್ದು ಅವಳ ಹತ್ರ ಉಂಟು. ಇದು ಬೇರೆ ಸ್ಟೂಡೆಂಟ್.”

“ಎಷ್ಟನೇ ಕ್ಲಾಸು?”

“ಎಂ.ಎ. ಕನ್ನಡ, ಕೊನೇ ವರ್ಷ. ನಿಮ್ಮ ಎದುರೇ ನಿಂತಿದ್ದಾಳೆ. ಕುರ್ಚಿ ಕೊಟ್ರೆ ಕೂತ್ಕೊಳ್ತಾಳೆ.”

ನಮ್ಮ ಅಂಗಡಿಯ ರಿಪೇರಿಯವನು ರಾನ್ಸನ್, ಬಜ್ಪೆಯವನು. ನನ್ನಷ್ಟೇ ಹಳಬ, ನನಗಿಂತ ಸ್ವಲ್ಪ ಹೆಚ್ಚು ಸೋಮಾರಿ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಕುರ್ಚಿ ತಂದುಕೊಟ್ಟ. ಅವನು ಕೇಳದೆ ಕುರ್ಚಿ ತಂದದ್ದನ್ನು ನಾನು ಕಂಡದ್ದು ಅದೇ ಮೊದಲು.

ಕುಳಿತ ಮೇಲೆ ಕತೆ ಬಂತು. ದೂರಶಿಕ್ಷಣದ ಪರೀಕ್ಷೆಗಳನ್ನೆಲ್ಲ ಅವರು ರಜೆಯಲ್ಲಿ ಊರಿಗೆ ಹೋದಾಗ ಬರೆದು ಪಾಸು ಮಾಡಿದ್ದರು. ಉಳಿದದ್ದು ಆ ಒಗಟುಗಳ ಮೇಲಿನ ಪ್ರಬಂಧ ಒಂದೇ. ಕಳೆದ ವರ್ಷ ಅದನ್ನು ಕೈಯಲ್ಲಿ ಬರೆದು, ಪುಟಪುಟವೂ ಫೋಟೊ ತೆಗೆದು, ಊರಿನ ಒಂದು ಡಿ.ಟಿ.ಪಿ. ಅಂಗಡಿಗೆ ಕಳಿಸಿದ್ದರು. ಅಲ್ಲಿಯವರು ತಮ್ಮ ಹಳೆಯ ಕಾಲದ ಫಾಂಟಿನಲ್ಲಿ ಟೈಪು ಮಾಡಿ ಫೈಲು ಕಳಿಸಿದರು. ಅವರ ಕಂಪ್ಯೂಟರಿನಲ್ಲಿ ಕನ್ನಡವಾಗಿದ್ದದ್ದು ಮಾರ್ಗದರ್ಶಕಿ ಮೇಡಂ ಅವರ ಕಂಪ್ಯೂಟರಿನಲ್ಲಿ ತೆರೆದಾಗ, ಇಂಗ್ಲಿಷ್ ಅಕ್ಷರಗಳ ತಲೆಗೆ ಟೋಪಿ, ಕಾಲಿಗೆ ಬಾಲ ಇಟ್ಟ ಮೆರವಣಿಗೆಯಾಗಿತ್ತು. ‘ಓದಲು ಸಾಧ್ಯವಿಲ್ಲ’ ಎಂಬ ಎರಡೇ ಪದಗಳ ಉತ್ತರ ಬಂತು. ಸರಿಮಾಡಿಸುವಷ್ಟರಲ್ಲಿ ತಾರೀಕು ಮುಗಿದಿತ್ತು.

“ಇನ್ನೊಂದು ಸಲ ಕೊಡ್ಬಹುದಲ್ಲ?” ಎಂದೆ.

“ಅದನ್ನೇ ಕೊಡ್ತಿರುವುದು ಈಗ. ಸೇರಿದ ಮೇಲೆ ಇಷ್ಟು ವರ್ಷದೊಳಗೆ ಮುಗಿಸ್ಬೇಕು ಅಂತ ಉಂಟು. ಅಕ್ಟೋಬರ್ ಮೂವತ್ತೊಂದಕ್ಕೆ ಖಲಾಸ್. ಆಮೇಲೆ ನಾನು ಬರೀ ಪಿ.ಯು.ಸಿ., ಬಿ.ಎ. ಪಾಸಾದ ಆಯಾ.”

ಎಂ.ಎ. ಆದರೆ ಏನಾಗುತ್ತದೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಕುರ್ಚಿಯಲ್ಲಿ ಅವರು ಕುಳಿತ ರೀತಿಯೇ ಹಾಗಿತ್ತು.

ಕೆಂಪು ದೀಪದ್ದು ಬೇಡವೆಂದರು. ಭಾರ ಕಡಿಮೆ ಇರುವ, ಬ್ಯಾಟರಿ ನಾಲ್ಕು ಗಂಟೆ ನಿಲ್ಲುವ ಒಂದನ್ನು ಆರಿಸಿದರು. ಬೆಳಗಿನ ಟ್ರಿಪ್ಪು ಮುಗಿದ ಮೇಲೆ ಮಧ್ಯಾಹ್ನದ ಟ್ರಿಪ್ಪಿನವರೆಗೆ ಅವರಿಗೆ ಸಿಗುವುದೂ ನಾಲ್ಕೇ ಗಂಟೆ. ಅದನ್ನು ನಿಂತ ಬಸ್ಸಿನ ಹಿಂದಿನ ಸೀಟಿನಲ್ಲಿ ಕಳೆಯುತ್ತಾರೆ. ನಾನು ಪದ್ಧತಿಯಂತೆ, “ರಾನ್ಸನ್, ಅಕ್ಕನಿಗೆ ಫುಲ್ ಸಾಫ್ಟ್‌ವೇರ್ ಹಾಕು” ಎಂದೆ.

“ಟೈಪು ಮಾಡುವ ಆಫೀಸೂ ಉಂಟಾ ಅದ್ರಲ್ಲಿ?”

“ಇಲ್ಲದೆ ಮತ್ತೆ? ಎಲ್ಲ ಫ್ರೀ.”

“ಅಸಲಿಯಾ?”

“ಅಸಲಿ ತರವೇ ಕಾಣ್ತದೆ.”

“ಹಾಗಾದ್ರೆ ಬಿಲ್ಲಿನಲ್ಲಿ ಬರ್ದು ಕೊಡಿ, ಅಸಲಿ ಅಂತ. ಅಂಗಡಿಯ ಸೀಲೂ ಹಾಕಿ.”

ನಾನು ಪೆನ್ನು ಹುಡುಕುವವನಂತೆ ಮೇಜಿನ ಡ್ರಾಯರಿಗೆ ಕೈ ಹಾಕಿದೆ. ಪೆನ್ನು ಕಿಸೆಯಲ್ಲೇ ಇತ್ತು, ಅದು ರತ್ನಕ್ಕನಿಗೂ ಕಾಣುತ್ತಿತ್ತು.

“ಅದು ಬಿಲ್ಲಿಗೆ ಬರುವುದಿಲ್ಲ ಅಕ್ಕ. ಅದು ನಮ್ಮ ಪ್ರೀತಿಯಲ್ಲಿ ಕೊಡುವುದು.”

“ನಿಮ್ಮ ಪ್ರೀತಿಗೆ ಗ್ಯಾರಂಟಿ ಎಷ್ಟು ತಿಂಗಳು?”

ರಾನ್ಸನ್ ನಕ್ಕ. ಅವನಿಗೆ ಸಂಬಳ ಕೊಡುವುದು ನಾನು ಎಂಬುದು ಆ ಕ್ಷಣ ಅವನಿಗೆ ಮರೆತಿತ್ತು.

“ಕೆಲವರದ್ದು ವರ್ಷ ಓಡ್ತದೆ, ಕೆಲವರದ್ದು ತಿಂಗಳಿಗೇ ನಿಲ್ತದೆ” ಎಂದು ಅವನೇ ಹೇಳಿಬಿಟ್ಟ. “ಸಾಫ್ಟ್‌ವೇರ್ ತೆರೆಯುವ ಚಾವಿ ನಂಬರೇ ಕದ್ದದ್ದಲ್ವಾ ಅಕ್ಕ. ನಿಂತ ದಿನ ಫೈಲು ಓದ್ಲಿಕ್ಕೆ ಆಗ್ತದೆ, ತಿದ್ದಲಿಕ್ಕೆ ಆಗುವುದಿಲ್ಲ.”

“ನಿಲ್ಲುವ ದಿನ ಮೂವತ್ತನೇ ತಾರೀಕು ಆದ್ರೆ?” ಎಂದರು ರತ್ನಕ್ಕ. ರಾನ್ಸನ್ ಮತ್ತೆ ಸ್ಕ್ರೂಡ್ರೈವರ್ ಎತ್ತಿಕೊಂಡ.

ಆ ದಿನ ಬರೀ ಯಂತ್ರ ತೆಗೆದುಕೊಂಡು ಹೋದರು. ಫ್ರೀ ಕೊಟ್ಟದ್ದನ್ನು ಬಿಟ್ಟುಹೋದ ಗಿರಾಕಿಯನ್ನು ನೋಡಿ ನನಗೆ ಸಿಟ್ಟು ಬಂದದ್ದು ನಿಜ. ನಾವು ಅದನ್ನು ಎಷ್ಟು ಜನರಿಗೆ ಕೊಟ್ಟಿಲ್ಲ!

ಮರುದಿನ ಅದೇ ಹೊತ್ತಿಗೆ ಮತ್ತೆ ಹಾಜರು. ಕೀಲಿಗಳ ಅರಬಿ ಅಕ್ಷರಗಳ ಮೇಲೆ ಬಿಳಿ ಟೇಪಿನ ಚೂರು ಅಂಟಿಸಿ ಅದರ ಮೇಲೆ ಪೆನ್ನಿನಲ್ಲಿ ಕನ್ನಡ ಬರೆದಿದ್ದರು. ಒಂದೇ ರಾತ್ರಿಯಲ್ಲಿ ಯಂತ್ರದ ಮರುಮಾರಾಟದ ಬೆಲೆ ಅರ್ಧವಾಗಿತ್ತು.

“ಅಸಲಿ ಆಫೀಸ್ ತೋರ್ಸಿ” ಎಂದರು.

ಅಂಗಡಿಯ ಕೌಂಟರಿನ ಕಂಪ್ಯೂಟರಿನಲ್ಲಿ ನಮ್ಮದೊಂದು ಅಸಲಿ ಇದೆ, ನಮ್ಮ ಕೆಲಸಕ್ಕೆ ಇಟ್ಟುಕೊಂಡದ್ದು. ಅದರಲ್ಲಿ ಒಂದು ಪುಟ ಟೈಪು ಮಾಡಿದರು. ತುಳುವಿನ, ಬ್ಯಾರಿಯ ಒಗಟುಗಳಲ್ಲಿ ಬರುವ, ಬೇರೆಲ್ಲೂ ಕಾಣದಂಥ ಒತ್ತಕ್ಷರಗಳು, ನಾಲ್ಕು ಕಾಲಂನ ಒಂದು ಕೋಷ್ಟಕ, ಕೆಳಗೆ ಅಡಿಟಿಪ್ಪಣಿ. ಚೆನ್ನಾಗಿ ಬಂತು. ನಾನು ಹುರುಪಿನಿಂದ, “ಇದನ್ನೇ ತೆಗೊಳ್ಳಿ. ವರ್ಷಕ್ಕೊಮ್ಮೆ ಕಟ್ಟಿದ್ರೆ ಆಯ್ತು” ಎಂದೆ.

“ವರ್ಷಕ್ಕೊಮ್ಮೆಯಾ? ಇದಕ್ಕೂ ಇಕಾಮಾ ಉಂಟಾ?”

“ಬೇಕಾದ್ರೆ ಒಮ್ಮೆ ಕೊಟ್ಟು ಯಾವತ್ತಿಗೂ ಇಟ್ಕೊಳ್ಳುವುದೂ ಸಿಗ್ತದೆ. ಬೆಲೆ ಸ್ವಲ್ಪ ಜಾಸ್ತಿ.”

ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆಮೇಲೆ ಮಗಳಿಗೆ ವೀಡಿಯೊ ಕಾಲ್ ಹಚ್ಚಿದರು, ಆ ವಾರ ಅವಳ ಕಾಲೇಜಿಗೆ ರಜೆ. ನವ್ಯಶ್ರೀ ಅಮ್ಮನ ಕನ್ನಡವನ್ನೆಲ್ಲ ಕೇಳಿಸಿಕೊಂಡು, “ಅಮ್ಮಾ, ಜಸ್ಟ್ ಡೂ ಇಟ್ ಆನ್‌ಲೈನ್, ನೋ? ಎವ್ರಿವನ್ ಡಸ್” ಎಂದಳು.

“ಬಸ್ಸು ನಿಲ್ಲುವಲ್ಲಿ ಎರಡೂ ಕಡೆ ಶಾಲೆಯ ಗೋಡೆ, ನೆಟ್ ಸಿಗುವುದಿಲ್ಲ. ನಿನಗೆ ಫೋನ್ ಮಾಡ್ಲಿಕ್ಕೇ ನಾನು ಇಳಿದು ರಸ್ತೆಗೆ ಬರ್ಬೇಕು. ಪ್ರಬಂಧ ಹಿಡ್ಕೊಂಡು ರಸ್ತೆಯಲ್ಲಿ ನಿಲ್ಲಬೇಕಾ?”

“ದೆನ್ ಟೇಕ್ ದ ಫ್ರೀ ವನ್, ಲಿಬ್ರೆ ಆಫೀಸ್. ಮೈ ಟೀಚರ್ ಯೂಸಸ್ ಇಟ್.”

ರತ್ನಕ್ಕ ಫೋನ್ ಇಟ್ಟು ನನ್ನ ಕಡೆ ತಿರುಗಿದರು. “ಇಂಥದ್ದೊಂದು ಉಂಟಂತಲ್ಲ. ನೀವು ಹೇಳಲೇ ಇಲ್ಲ?”

“ಬಿಟ್ಟಿ ಸಿಗುವುದನ್ನು ನಾನು ಹೇಗೆ ಮಾರುವುದು ಅಕ್ಕ?”

“ಕದ್ದದ್ದನ್ನು ಬಿಟ್ಟಿ ಕೊಡ್ಲಿಕ್ಕೆ ಬರ್ತದೆ, ನ್ಯಾಯವಾಗಿ ಬಿಟ್ಟಿ ಇರುವುದನ್ನು ಕೊಡ್ಲಿಕ್ಕೆ ಬರುವುದಿಲ್ಲ. ಒಳ್ಳೇ ವ್ಯಾಪಾರ ಮಾರಾಯ್ರೆ ನಿಮ್ಮದು.”

ರಾನ್ಸನ್ ಹತ್ತು ನಿಮಿಷದಲ್ಲಿ ಅದನ್ನು ಹಾಕಿಕೊಟ್ಟ. ಚಾವಿ ಇಲ್ಲ, ನೋಂದಣಿ ಇಲ್ಲ. ರತ್ನಕ್ಕ ಅದೇ ಪುಟವನ್ನು ಅದರಲ್ಲೂ ಟೈಪು ಮಾಡಿದರು. ಅಕ್ಷರಗಳು ಸರಿಯಾಗಿಯೇ ಬಂದವು. ಆದರೆ ಆ ಫೈಲನ್ನು ಕೌಂಟರಿನ ಅಸಲಿ ಆಫೀಸಿನಲ್ಲಿ ತೆರೆದಾಗ ಕೋಷ್ಟಕದ ಕೊನೆಯ ಎರಡು ಸಾಲು ಜಾರಿ ಮುಂದಿನ ಪುಟಕ್ಕೆ ಹೋಗಿದ್ದವು.

“ನೋಡಿದ್ರಾ? ಬಿಟ್ಟಿಯದ್ದು ಬಿಟ್ಟಿಯದ್ದೇ” ಎಂದೆ. ಧ್ವನಿಯಲ್ಲಿ ಸಂತೋಷ ಇದ್ದಿರಬೇಕು.

ಅವರು ಸೋಲಲಿಲ್ಲ. ಆ ಡಿ.ಟಿ.ಪಿ. ಅಂಗಡಿಯ ಕತೆಯಿಂದ ಅವರು ಕಲಿತದ್ದು ಒಂದೇ: ಇಲ್ಲಿ ಹೇಗೆ ಕಾಣುತ್ತದೆ ಎಂಬುದು ಲೆಕ್ಕಕ್ಕಿಲ್ಲ, ಮೇಡಂ ಅವರ ಮೇಜಿನ ಮೇಲೆ ಹೇಗೆ ಕಾಣುತ್ತದೆ ಎಂಬುದೇ ಮುಖ್ಯ. ಅಂಗಡಿಯಲ್ಲೇ ಕುಳಿತು ಮೇಡಂಗೆ ಫೋನ್ ಹಚ್ಚಿದರು.

“ನಮಸ್ಕಾರ ಮೇಡಂ, ಕುವೈಟಿನಿಂದ ರತ್ನಾವತಿ. ಪ್ರಬಂಧ ಅಲ್ಲ ಮೇಡಂ, ಬರೇ ಒಂದೊಂದು ಪುಟದ ಮೂರು ಫೈಲು ಕಳಿಸ್ತೇನೆ. ನೀವು ಓದುವುದು ಬೇಡ. ನಿಮ್ಮ ಕಂಪ್ಯೂಟರಿನಲ್ಲಿ ತೆರೆದು, ಪರದೆಯ ಫೋಟೊ ತೆಗ್ದು ಕಳಿಸಿದ್ರೆ ಸಾಕು.”

ಆ ಕಡೆಯಿಂದ ಏನೋ ಕೇಳಿದರು.

“ಯಾಕೆಂದ್ರೆ ಮೇಡಂ, ಹೋದ ವರ್ಷ ನನ್ನ ತೊಂಬತ್ತು ಪುಟದಲ್ಲಿ ನಿಮಗೆ ಒಂದಕ್ಷರವೂ ಓದ್ಲಿಕ್ಕೆ ಆಗ್ಲಿಲ್ಲ. ಈ ಸಲ ಮೊದ್ಲು ಬಾಗಿಲು ತೆರೀತದಾ ಅಂತ ನೋಡಿ, ಆಮೇಲೆ ಸಾಮಾನು ಇಳಿಸ್ತೇನೆ.”

ಹಾರ್ಡ್‌ವೇರ್ ಮಾರುವವನಿಗೂ ಹೊಳೆಯದ ಮಾತು ಅದು. ಅರ್ದಿಯಾ ಎಂಬಲ್ಲಿನ ಗೋದಾಮಿನಿಂದ ಮಾಲು ತರಿಸುವಾಗ ನಾನು ಒಂದು ಪೆಟ್ಟಿಗೆ ಒಡೆದು ನೋಡದೆ ಲಾರಿಯಿಂದ ಇಳಿಸುವುದಿಲ್ಲ. ಆದರೆ ಫೈಲಿಗೂ ಹಾಗೆ ಮಾಡಬಹುದೆಂದು ಯಾವ ಗಿರಾಕಿಗೂ ಹೇಳಿದ್ದಿಲ್ಲ.

ಮೊದಲನೆಯ ಫೈಲು ಅಸಲಿ ಆಫೀಸಿನದು. ಎರಡನೆಯದು ಬಿಟ್ಟಿಯದು. ಮೂರನೆಯದನ್ನು ಬಿಟ್ಟಿಯದರಲ್ಲೇ ಪಿ.ಡಿ.ಎಫ್. ಮಾಡಿದರು. ಕಳಿಸಿ ಎರಡು ದಿನ ಕಾದರು. ಆ ಎರಡು ದಿನವೂ ಅಂಗಡಿಗೆ ಬಂದು ಕುಳಿತದ್ದು ಕಾಯುವುದಕ್ಕಲ್ಲ, ಟೈಪು ಮಾಡಿ ಕೈ ಪಳಗಿಸಿಕೊಳ್ಳುವುದಕ್ಕೆ. ಗಿರಾಕಿಗಳು ಇವರನ್ನು ಅಂಗಡಿಯ ಅಕೌಂಟೆಂಟ್ ಎಂದುಕೊಂಡು ರಸೀದಿ ಕೇಳತೊಡಗಿದರು.

ಮೂರನೆಯ ದಿನ ಮೂರು ಫೋಟೊ ಬಂದವು. ಮೊದಲನೆಯದು ಸರಿ ಇತ್ತು. ಎರಡನೆಯದರಲ್ಲಿ ಅಕ್ಷರ ಸರಿ, ಕೋಷ್ಟಕದ ಎರಡು ಸಾಲು ಇಲ್ಲಿನಂತೆಯೇ ಜಾರಿದ್ದವು. ಮೂರನೆಯದು ಇಲ್ಲಿ ಇದ್ದಂತೆಯೇ ಅಲ್ಲೂ ಇತ್ತು, ಒಂದು ಗೆರೆ ಆಚೀಚೆ ಇಲ್ಲ.

“ಹಾಗಾದ್ರೆ ಅಸಲಿಯೇ ತೆಗೊಳ್ತೀರಲ್ಲ?” ಎಂದೆ.

“ಅಲ್ಲ ಕಾಸಿಮಾಕ. ಜಾರುವುದು ಕೋಷ್ಟಕ ಮಾತ್ರ. ಹಾಗಾದ್ರೆ ಅದನ್ನು ಉದ್ದ ಮಾಡುವುದು ಬೇಡ, ಒಂದೊಂದು ಪುಟಕ್ಕೆ ಒಂದೊಂದು ಸಣ್ಣದು ಮಾಡಿದ್ರೆ ಆಯ್ತು. ತಿದ್ದಲಿಕ್ಕೆ ಫೈಲು ಕಳಿಸುವುದು, ಓದ್ಲಿಕ್ಕೆ ಪಿ.ಡಿ.ಎಫ್. ಕಳಿಸುವುದು. ಎರಡೂ ಈ ಬಿಟ್ಟಿಯದ್ರಲ್ಲೇ ಆಗ್ತದೆ. ಮತ್ತೆ ನಿಮಗೆ ಯಾಕೆ ತೊಂದರೆ?”

ನನಗೆ ತೊಂದರೆ ಏನೂ ಇರಲಿಲ್ಲ, ತೆಗೆದುಕೊಳ್ಳುವುದಕ್ಕೆ ತಯಾರಿದ್ದೆ. ಆದರೆ ಆರಿಸುವವರು ಅವರು, ಆರಿಸಿ ಆಗಿತ್ತು.

ಅಲ್ಲಿಂದ ಮುಂದಿನ ಮೂರೂವರೆ ವಾರ ರತ್ನಕ್ಕ ಅಂಗಡಿಗೆ ಬರಲಿಲ್ಲ. ಶಾಲೆಯ ಹತ್ತಿರದಿಂದ ಹೋದ ರಾನ್ಸನ್ ಎರಡು ಸಲ ಕಂಡನಂತೆ. ಬಸ್ಸಿನ ಕಿಟಕಿಗೆ ಚೀಲ ಕಟ್ಟಿ ಬಿಸಿಲು ಮರೆಮಾಡಿ, ಹಿಂದಿನ ಸೀಟಿನಲ್ಲಿ ಚಪ್ಪಲಿ ಬಿಚ್ಚಿ ಕಾಲು ಮಡಚಿ ಕುಳಿತು ಟೈಪು ಮಾಡುತ್ತಿದ್ದರಂತೆ. ಮಾತಾಡಿಸಿದರೆ, “ಇನ್ನೂರ ಹದಿನೇಳನೇ ಒಗಟು ನಡೀತಾ ಉಂಟು, ನಾಡಿದ್ದು ಮಾತಾಡ್ವಾ” ಎಂದು ಮುಖ ಎತ್ತದೆ ಹೇಳಿದರಂತೆ.

ಇಪ್ಪತ್ತೆಂಟಕ್ಕೆ ಪ್ರಬಂಧ ಕಳಿಸಿದರು. ಮೂವತ್ತನೆಯ ತಾರೀಕು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುತ್ತಿದ್ದಂತೆ ಲ್ಯಾಪ್‌ಟಾಪ್ ಎದೆಗವಚಿಕೊಂಡು ಒಳಗೆ ಬಂದರು. ಬಸ್ಸಿನಲ್ಲಿ ನೆಟ್ ಸಿಗದು, ಮೇಡಂ ಕೇಳಿದ್ದಕ್ಕೆ ಉತ್ತರ ಈಗಲೇ ಹೋಗಬೇಕು, ಅದಕ್ಕೆ ಬಂದದ್ದು.

“ಎಂತ ಬಂತು ಅಕ್ಕ?” ರಾನ್ಸನ್ ಕೇಳಿದ.

“ಹನ್ನೊಂದು ತಪ್ಪು.”

ಅವನ ಮುಖ ಬಿದ್ದುಹೋಯಿತು. “ಅಯ್ಯೋ. ಅಕ್ಷರ ಹಾಳಾಯ್ತಾ?”

“ಅಕ್ಷರದ್ದು ಒಂದೂ ಇಲ್ಲ! ಕೇಳು: ಹದಿನಾಲ್ಕನೇ ಪುಟದ ವಾದಕ್ಕೆ ಆಧಾರ ಇಲ್ಲ ಅಂತೆ. ಮೂವತ್ತೊಂದರಲ್ಲಿ ಬ್ಯಾರಿ ಒಗಟಿನ ಅರ್ಥ ಅಸ್ಪಷ್ಟ ಅಂತೆ. ಐವತ್ತನೇ ಪುಟದಲ್ಲಿ ಹೇಳಿದ್ದನ್ನೇ ಹೇಳಿದ್ದೇನಂತೆ.” ಕಣ್ಣು ಹೊಳೆಯುತ್ತಿತ್ತು. “ಮೇಡಂ ಓದಿದ್ದಾರೆ ಕಾಸಿಮಾಕ! ನನ್ನ ಹತ್ರ ಜಗಳ ಮಾಡುವಷ್ಟು ಓದಿದ್ದಾರೆ!”

ಬೈಸಿಕೊಂಡು ಇಷ್ಟು ಖುಷಿಪಟ್ಟವರನ್ನು ನಾನು ಕಂಡಿಲ್ಲ. ಅದೇ ಕುರ್ಚಿಯಲ್ಲಿ ಕುಳಿತರು. ಬ್ಯಾರಿ ಒಗಟಿನ ಅರ್ಥವನ್ನು ಬ್ಯಾರಿಯಾದ ನನ್ನನ್ನೇ ಕೇಳಿದರು. ನಾನು ಹೇಳಿದ್ದು ಸಾಕಾಗದೆ ನನ್ನಿಂದಲೇ ಉಪ್ಪಿನಂಗಡಿಯಲ್ಲಿರುವ ನನ್ನ ಚಿಕ್ಕಮ್ಮ ಪಾತುವಿಗೆ ಫೋನ್ ಮಾಡಿಸಿ, ಅವರ ಬಾಯಿಂದ ಕೇಳಿ, ಅಡಿಟಿಪ್ಪಣಿಯಲ್ಲಿ ಅವರ ಹೆಸರು, ಊರು, ವಯಸ್ಸು ಹಾಕಿದರು. ಹತ್ತು ತಪ್ಪು ಮಧ್ಯಾಹ್ನ ಹನ್ನೆರಡಾಗುವುದರೊಳಗೆ ಸರಿಯಾದವು. ಹನ್ನೊಂದನೆಯದಕ್ಕೆ ಬಂದಾಗ ಕೈ ನಿಂತಿತು.

“ಬಸ್ಸಿನಲ್ಲಿ ಕಲೆಹಾಕಿದ್ದನ್ನು ಜಾನಪದ ಸಂಗ್ರಹ ಅಂತ ಕರೆಯುವುದು ಸರಿಯಲ್ಲ, ಆ ಅಧ್ಯಾಯ ತೆಗೀಬೇಕಂತೆ.”

“ತೆಗೀರಿ ಅಕ್ಕ. ಒಂದು ಅಧ್ಯಾಯ ಹೋದ್ರೆ ಹೋಗ್ಲಿ. ನಾಳೆ ಕೊನೇ ದಿನ” ಎಂದೆ. ವ್ಯಾಪಾರಿಯ ಬುದ್ಧಿ ನನ್ನದು. ಮಾಲು ಹೊರಡುವ ದಿನ ಚರ್ಚೆ ಮಾಡುವುದಿಲ್ಲ.

“ಅದು ತೆಗೆದ್ರೆ ಉಳಿದದ್ದಕ್ಕೆ ಅರ್ಥವೇ ಇಲ್ಲ. ಒಗಟು ಬಂದದ್ದೇ ಬಸ್ಸಿಗೆ.” ಅಷ್ಟು ಹೇಳಿ, ತೆಗೆಯುವ ಬದಲು ಎರಡು ಪ್ಯಾರಾ ಹೆಚ್ಚು ಬರೆದರು: ಯಾವ ಮಗು, ಯಾವ ನಿಲ್ದಾಣ, ಯಾವ ಅಜ್ಜಿ, ಯಾವ ತಿಂಗಳು. ಬರೆದು ಮುಗಿಸಿ ಎರಡೂ ಬಗೆಯ ಫೈಲು ಮಾಡಿ ಕಳಿಸಿದರು. ಮೇಡಂಗೆ ಪತ್ರದಲ್ಲಿ, ‘ಹತ್ತು ತಿದ್ದಿದ್ದೇನೆ. ಹನ್ನೊಂದನೆಯದನ್ನು ಒಪ್ಪಲಿಲ್ಲ, ಕಾರಣ ಅರುವತ್ತೆರಡನೇ ಪುಟದಲ್ಲಿದೆ’ ಎಂದು ಬರೆದರು. ನಾನಾಗಿದ್ದರೆ ‘ದಯವಿಟ್ಟು’ ಎಂದಾದರೂ ಸೇರಿಸುತ್ತಿದ್ದೆ.

ಮಧ್ಯಾಹ್ನದ ಬಿಡುವಿಗೆ ಅಂಗಡಿ ಮುಚ್ಚುವ ಹೊತ್ತಾಗಿತ್ತು. ರಾನ್ಸನ್ ಶಟರ್ ಅರ್ಧ ಎಳೆದು ನಿಂತ, ನಾನು ಚಹಾ ತರಿಸಿದೆ. ಇಲ್ಲಿ ಹನ್ನೆರಡೂವರೆ, ಊರಿನಲ್ಲಿ ಮೂರು ಗಂಟೆ. ಇವರಿಗೆ ಟ್ರಿಪ್ಪಿಗೆ ಹೊರಡಲು ಇಪ್ಪತ್ತು ನಿಮಿಷ ಇದ್ದಾಗ ಮೇಡಂ ಅವರ ಉತ್ತರ ಬಂತು. ರತ್ನಕ್ಕ ಓದಿದರು, ಇನ್ನೊಮ್ಮೆ ಓದಿದರು, ಮತ್ತೆ ಪರದೆಯನ್ನು ನಮ್ಮ ಕಡೆ ತಿರುಗಿಸಿದರು.

‘ಅರುವತ್ತೆರಡನೇ ಪುಟ ಓದಿದೆ. ಅಧ್ಯಾಯ ಇರಲಿ. ಪ್ರಬಂಧವನ್ನು ಸ್ವೀಕರಿಸಿ ವಿಭಾಗಕ್ಕೆ ಕಳಿಸಿದ್ದೇನೆ. ಮೌಖಿಕ ಪರೀಕ್ಷೆಗೆ ಸಿದ್ಧರಾಗಿ. ಅಲ್ಲಿ ಇದನ್ನೇ ಮತ್ತೆ ಕೇಳುತ್ತೇನೆ.’

“ಕೇಳ್ಲಿ” ಎಂದು ರತ್ನಕ್ಕ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ, ನೀಲಿ ಕೋಟಿನ ಗುಂಡಿ ಹಾಕಿಕೊಂಡು, ಅರ್ಧ ಎಳೆದ ಶಟರಿನ ಕೆಳಗೆ ಬಗ್ಗಿ ಬಸ್ಸಿನ ಕಡೆಗೆ ಹೊರಟರು.