ಇಪ್ಪತ್ತು ನಿಮಿಷಕ್ಕೆ ನಿಲ್ಲುವ ಕಂಪ್ಯೂಟರ್, ಅಕ್ಕನ ದನಿ

ಮೂರನೇ ಸಲವೂ ಕಂಪ್ಯೂಟರ್ ನಿಂತೇ ಹೋಯಿತು. ಮೌಸ್ ಅಲ್ಲಾಡಲ್ಲ, ಕೀಬೋರ್ಡ್ ಮಾತು ಕೇಳಲ್ಲ, ಕಾಪಿ ಆಗುತ್ತಿದ್ದ ಹಸಿರು ಪಟ್ಟಿ ಅರ್ಧಕ್ಕೇ ಗಪ್ಪಾಗಿ ಕೂತಿದೆ.

ಹೊಸ ಕಂಪ್ಯೂಟರ್ ಸ್ವಾಮಿ! ಅಬಿಡ್ಸಿನ ಅಂಗಡಿಯಿಂದ ತಂದು ಹದಿನೈದು ದಿನವೂ ಆಗಿರಲಿಲ್ಲ.

ಅದನ್ನು ತಂದದ್ದೇ ಒಂದು ಕೆಲಸಕ್ಕೆ. ಅಕ್ಕನ ಹಳೇ ಫೋನಿನಲ್ಲಿದ್ದ ಫೋಟೋ, ವಿಡಿಯೋ, ಮುಖ್ಯವಾಗಿ ಅವಳು ನನಗೆ ಕಳಿಸಿದ ವಾಯ್ಸ್ ಮೆಸೇಜುಗಳನ್ನೆಲ್ಲ ತೆಗೆದಿಡಬೇಕಿತ್ತು. ನಾನು ಫೋನ್ ಬದಲಿಸಿದಾಗ ನನ್ನ ಕಡೆ ಇದ್ದವೆಲ್ಲ ಅಳಿಸಿಹೋಗಿದ್ದವು. ಅವಳ ಫೋನಿನ ಸ್ಕ್ರೀನ್ ಅರ್ಧ ಕಪ್ಪಾಗಿದೆ, ಚಾರ್ಜರ್ ಹಚ್ಚಿದರಷ್ಟೇ ಜೀವ. ಇನ್ನು ಹೆಚ್ಚು ದಿನ ಬರಲ್ಲ ಅಂತ ರಿಪೇರಿಯವನು ಹೇಳಿಬಿಟ್ಟಿದ್ದ.

ಅಕ್ಕ ಹೋಗಿ ಏಳು ತಿಂಗಳಾಯಿತು. ಅವಳೂ ಮದುವೆ ಆಗಲಿಲ್ಲ, ನಾನೂ ಆಗಲಿಲ್ಲ. ನನಗೆ ಈ ತೆಲುಗು ಊರಿನ ಬಾಲಾನಗರದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಾಗ, ಇವನಿಗೆ ಅನ್ನ ಯಾರು ಹಾಕ್ತಾರೆ ಅಂತ ಬಾಗಲಕೋಟೆ ಬಿಟ್ಟು ನನ್ನ ಜೊತೆ ಬಂದವಳು ಇಪ್ಪತ್ತಾರು ವರ್ಷ ಇಲ್ಲೇ ಉಳಿದಳು.

ಅವಳು ಹೋದ ಮೇಲೆ ನಮ್ಮ ಮನೆಯಲ್ಲಿ ಕನ್ನಡವೇ ನಿಂತುಹೋಗಿದೆ. ಫ್ಯಾಕ್ಟರಿಯಲ್ಲಿ ತೆಲುಗು, ಬಸ್ಸಿನಲ್ಲಿ ಹಿಂದಿ, ಮನೆಗೆ ಬಂದರೆ ಯಾವುದೂ ಇಲ್ಲ. ಒಮ್ಮೊಮ್ಮೆ ಕುಕ್ಕರ್ ಸೀಟಿ ಹೊಡೆದಾಗ "ಬಂದೆ ತಡೀ" ಅಂತ ಜೋರಾಗಿ ಹೇಳುತ್ತೇನೆ... ನಗಬೇಡಿ.

ಕಂಪ್ಯೂಟರಿಗೆ ಮಾಡದ ಉಪಚಾರ ಇಲ್ಲ. ವಿಂಡೋಸ್ ಮತ್ತೆ ಹಾಕಿದೆ, ಅಪ್‌ಡೇಟ್ ಮಾಡಿದೆ, ಕೇಬಲ್ ಬದಲಿಸಿದೆ, ರ‍್ಯಾಮ್ ಬಿಚ್ಚಿ ಒರೆಸಿ ಮತ್ತೆ ಕೂರಿಸಿದೆ. ಇಪ್ಪತ್ತು ನಿಮಿಷ ಚೆನ್ನಾಗಿ ಓಡುತ್ತೆ, ಆಮೇಲೆ ಕಲ್ಲು.

ಆಟೋದಲ್ಲಿ ತೊಡೆ ಮೇಲೆ ಇಟ್ಟುಕೊಂಡು ಅಂಗಡಿಗೆ ಒಯ್ದೆ. ಅಲ್ಲಿ ಮೂರು ತಾಸು ಓಡಿತು, ಒಂದು ಸಲವೂ ನಿಲ್ಲಲಿಲ್ಲ. ಮನೆಗೆ ತಂದೆ, ನಿಂತಿತು.

ಎರಡನೇ ಸಲ ಒಯ್ದಾಗಲೂ ಅದೇ ಕಥೆ. ರಿಪೇರಿ ಬೇಕಾಗಿರೋದು ಕಂಪ್ಯೂಟರಿಗಲ್ಲ, ನನಗೆ ಅನ್ನೋ ಹಾಗೆ ಅಂಗಡಿಯವರು ನೋಡಿದರು. ಆ ಫೋನ್ ತನ್ನಿ, ಇಲ್ಲೇ ಕಾಪಿ ಮಾಡಿಕೊಡ್ತೀವಿ ಅಂದರು. ಆ ಗದ್ದಲದಲ್ಲಿ ಅಕ್ಕನ ಫೋನನ್ನು ಯಾರದೋ ಕೈಗೆ ಕೊಡಲು ನನಗೆ ಮನಸ್ಸು ಬರಲಿಲ್ಲ.

ಕೊನೆಗೆ ಹೋದ ಭಾನುವಾರ ಬೆಳಿಗ್ಗೆ ಅಂಗಡಿಯ ಮೆಕ್ಯಾನಿಕ್ ಯಾದಗಿರಿ ಮನೆಗೇ ಬಂದ. ನನ್ನದೇ ವಯಸ್ಸು, ತಲೆ ಪೂರ್ತಿ ಬೆಳ್ಳಗಾಗಿದೆ. ಚಪ್ಪಲಿ ಬಿಟ್ಟು ಒಳಗೆ ಬಂದವನು ಕಂಪ್ಯೂಟರ್ ನೋಡಿ ನಿಂತೇಬಿಟ್ಟ.

"ಏಂಟಿ ಸಾರ್ ಇದಿ, ದೀನಿಕಿ ಸ್ವೆಟರಾ?"

ಕಂಪ್ಯೂಟರಿಗೆ ಸ್ವೆಟರ್ ಹಾಕಿದ್ದೀರಾ ಅಂತ ಕೇಳಿದ್ದು!

ವಿಷಯ ಏನಂದರೆ, ನಮ್ಮ ಮನೆಯಲ್ಲಿ ಯಾವ ವಸ್ತುವೂ ಬರಿಮೈಯಲ್ಲಿ ಇರುವುದಿಲ್ಲ. ಟಿವಿ, ಮಿಕ್ಸರ್, ಫ್ರಿಜ್ಜಿನ ಹಿಡಿಕೆ... ಎಲ್ಲಕ್ಕೂ ಅಕ್ಕ ಕವರು ಹೊಲಿದು ಮೇಲೆ ಕಸೂತಿ ಹಾಕಿದ್ದಳು. ಹೊಸ ಸಾಮಾನು ಬಂದರೆ ಮೊದಲು ಕುಂಕುಮ, ಆಮೇಲೆ ಕವರು.

ಹಾಗಾಗಿ ಕಂಪ್ಯೂಟರ್ ಬಂದ ದಿನವೇ ಅವಳ ಹೊಲಿಗೆ ಮಷಿನ್ನಿನ ದಪ್ಪ ಕವರನ್ನು ಅದರ ಡಬ್ಬಿಗೆ ತೊಡಿಸಿದ್ದೆ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತ್ತು. ವೈರು ಹೋಗಲು ಹಿಂದೆ ಒಂಚೂರು ಎತ್ತಿದ್ದೆ, ಅಷ್ಟೇ. ಅಂಗಡಿಗೆ ಒಯ್ಯುವಾಗ ಮಾತ್ರ, ಹೊಲಸಾದೀತು ಅಂತ ಬಿಚ್ಚಿ ಮಡಿಚಿಟ್ಟು ಹೋಗುತ್ತಿದ್ದೆ.

ಈಗ ನನ್ನ ಮರ್ಯಾದೆಯನ್ನು ನಾನೇ ಕಳೆದುಕೊಳ್ಳುತ್ತೇನೆ, ಕೇಳಿ. ಫ್ಯಾಕ್ಟರಿಯಲ್ಲಿ ನನ್ನ ಕೆಲಸವೇ ಎಲೆಕ್ಟ್ರಾನಿಕ್ ಡಬ್ಬಿಗಳು ಬಿಸಿ ತಡೆಯುತ್ತವೋ ಇಲ್ಲವೋ ಅಂತ ಟೆಸ್ಟ್ ಮಾಡೋದು. ಗಾಳಿಗೆ ಜಾಗ ಬಿಟ್ಟಿಲ್ಲ ಅಂತ ಎಷ್ಟೋ ಜನರ ಕೆಲಸವನ್ನು ವಾಪಸ್ ಕಳಿಸಿದ್ದೇನೆ!

ಯಾದಗಿರಿ ಒಂದೇ ಎಳೆತಕ್ಕೆ ಕವರು ಕಿತ್ತ. ನನಗೆ ಎಲ್ಲಿತ್ತೋ ಸಿಟ್ಟು, ಅವನ ಕೈಯಿಂದ ಕಸಿದುಕೊಂಡುಬಿಟ್ಟೆ. ಆಮೇಲೆ ನಾಚಿಕೆಯಾಗಿ, ನಮ್ಮ ಅಕ್ಕ ಹೊಲಿದದ್ದು ಅಂತ ತೆಲುಗಿನಲ್ಲಿ ಹೇಳಿದೆ.

ಅವನು ನಗಲಿಲ್ಲ. ಚಹಾ ಕುಡಿದು, ಅಂಗಡಿಯಲ್ಲಿ ಫ್ಯಾನಿನ ತೊಂದರೆ ಅಂತ ಹೇಳ್ತೀನಿ ಬಿಡಿ ಅಂದು ಹೊರಟುಹೋದ.

ಬರಿಮೈಯ ಕಂಪ್ಯೂಟರ್ ಮುಂದೆ ಒಬ್ಬನೇ ಕೂತೆ. ಈ ಮನೆಯಲ್ಲಿ ಅಕ್ಕನ ಕೈ ಸೋಕದ ಮೊದಲನೇ ವಸ್ತು ಅದು. ಸಂಕಟ ಆಯಿತು, ಆದರೂ ಫೋನ್ ಹಚ್ಚಿದೆ.

ಇಪ್ಪತ್ತು ನಿಮಿಷ ದಾಟಿತು. ನಲವತ್ತು ದಾಟಿತು. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಕಾಪಿ ಆಗಿತ್ತು.

ಒಂದನ್ನು ಒತ್ತಿದೆ. ಏಳು ತಿಂಗಳ ಮೇಲೆ ಮನೆಯಲ್ಲಿ ಕನ್ನಡ.

"ಬಸ್ ಹತ್ತಿದಿಯೇನ? ಬರೂಮುಂದ ಕೊತ್ತಂಬರಿ ತಗೊಂಡ್ ಬಾ. ಬಾಡಿದ್ದು ತರಬ್ಯಾಡ."

ನಕ್ಕೆ. ಅಳುತ್ತಲೇ ನಕ್ಕೆ. ಇನ್ನೊಂದು ಒತ್ತಿದೆ.

"ಉಂಡಿಯಿಲ್ಲೋ? ಏನರೆ ಒಂದ್ ಮಾತು ಹೇಳೋ ಮಾರಾಯಾ... ನನಗೂ ಹೊತ್ತು ಹೋಗವಲ್ದು. ಇಲ್ಲಿ ನನ್ನ ಕೂಡ ಮಾತಾಡಾಕ ಯಾರದಾರ?"

ಇದು ಯಾವಾಗ ಬಂದದ್ದೋ ನೆನಪೇ ಇಲ್ಲ. ಅದಕ್ಕೆ ನಾನು ಏನಂತ ಹೇಳಿದ್ದೆ ಅಂತ ಅವಳ ಫೋನಿನ ಅರ್ಧ ಸ್ಕ್ರೀನಿನಲ್ಲೇ ಹುಡುಕಿದೆ.

ಹೆಬ್ಬೆರಳು. ಹಿಂದಿನದಕ್ಕೂ ಹೆಬ್ಬೆರಳು. ಮೇಲೆ ಮೇಲೆ ಹೋದೆ... ಅವಳ ಅಷ್ಟುದ್ದ ಮಾತುಗಳಿಗೆಲ್ಲ ನನ್ನದು ಬರೀ ಒಂದೊಂದು ಹೆಬ್ಬೆರಳಿನ ಚಿತ್ರ. ಒಂದು ಕಡೆಯೂ ನನ್ನ ದನಿ ಇಲ್ಲ.

ಏಳು ತಿಂಗಳು ಮಾತಿಗೆ ಜನ ಇಲ್ಲದೆ ನಾನು ಹೀಗೆ ಒದ್ದಾಡುತ್ತಿದ್ದೇನೆ. ಅವಳು ಇಷ್ಟು ವರ್ಷ ಹಗಲೆಲ್ಲ ಇದೇ ಮನೆಯಲ್ಲಿ ಒಬ್ಬಳೇ ಇದ್ದಳು, ನಾನು ಇದ್ದೂ.

ನಿಮ್ಮ ಮನೆಯವರ ಮೆಸೇಜಿಗೆ ಇವತ್ತು ನೀವು ಏನಂತ ಉತ್ತರ ಕೊಟ್ಟಿರಿ?